ಸುಡೋ ಸಂಸಾರ

ಉಸಿರಾಡುತ್ತಿರುವವರಿಗೆ ಮರಣಪತ್ರ ಕಳಿಸುವ ಅಧಿಕಾರ ಯಾರಿಗಾದರೂ ಇದೆಯೇ? ನಮ್ಮ ಮನೆಯ ಕಂಪ್ಯೂಟರಿಗೆ ಬಂತು ನೋಡಿ. ಬೆಳಿಗ್ಗೆ ಸ್ವಿಚ್ ಒತ್ತಿ ಕೂತರೆ ಪರದೆಯ ತುಂಬ ಒಂದು ಸೂಚನೆ: "ನಿಮ್ಮ ಯಂತ್ರ ಹಳೆಯದಾಗಿದೆ. ಇನ್ನು ಮುಂದೆ ಇದಕ್ಕೆ ನಮ್ಮ ಬೆಂಬಲ ಇರುವುದಿಲ್ಲ. ದಯವಿಟ್ಟು ಹೊಸದನ್ನು ಕೊಳ್ಳಿ."

ಹಳೆಯದಂತೆ! ಕೀಬೋರ್ಡಿನಲ್ಲಿ ಒಂದೆರಡು ಅಕ್ಷರಗಳನ್ನು ಗುದ್ದಿ ಒತ್ತಬೇಕು, ಒಳಗಿನ ಫ್ಯಾನು ಒಮ್ಮೊಮ್ಮೆ ಹಿಟ್ಟಿನ ಗಿರಣಿಯಂತೆ ಗುರ್ ಎನ್ನುತ್ತದೆ. ಅಷ್ಟಕ್ಕೇ ಹಳೆಯದಾಯಿತೇ? ಹಾಗೆ ನೋಡಿದರೆ ನನ್ನ ಮಂಡಿಯೂ ಸದ್ದು ಮಾಡುತ್ತದೆ (ಅದಕ್ಕೂ ಬೆಂಬಲ ನಿಲ್ಲುವ ಹಂತದಲ್ಲಿದೆ).

ನಾನು ವಾರಪತ್ರಿಕೆಯೊಂದಕ್ಕೆ 'ನಿಗಿನಿಗಿ' ಎಂಬ ಅಂಕಣ ಬರೆಯುವವನು. ಕಾಲೇಜಿನ ಮೆಟ್ಟಿಲು ಹತ್ತದೆ, ಸಿಟ್ಟನ್ನೇ ಗುರುವಾಗಿಟ್ಟುಕೊಂಡು ಓದು ಬರಹ ಕಲಿತವನು. ಸೋರುವ ನಲ್ಲಿಯಿಂದ ಸೋರುವ ಖಜಾನೆಯವರೆಗೆ ನನ್ನ ಕೆಂಡ ಬೀಳದ ಜಾಗವಿಲ್ಲ (ಮನೆಯ ನಲ್ಲಿ ಇನ್ನೂ ಸೋರುತ್ತಿದೆ). ಇಂಥವನ ಮುಂದೆ ಒಂದು ಕಂಪನಿ ಬಂದು, ಕೆಲಸ ಮಾಡುವ ಯಂತ್ರವನ್ನು ಕಸಕ್ಕೆ ಹಾಕು ಎನ್ನುವುದೇ? ಹಾಕುವುದಿಲ್ಲ! ಹಾಗೆಂದು ಯಾರೋ ಕದ್ದು ಕೊಟ್ಟ ತಂತ್ರಾಂಶವನ್ನು ತುರುಕಿಸಿಕೊಳ್ಳುತ್ತೇನೆಯೇ? ಅದೂ ಇಲ್ಲ. ಕಳ್ಳತನದ ಬಗ್ಗೆ ಬರೆಯುವವನ ಬೆರಳ ಕೆಳಗೆ ಕಳ್ಳಮಾಲು ಇರಬಾರದು.

ಉಳಿದದ್ದು ಒಂದೇ ದಾರಿ, ಲಿನಕ್ಸ್. ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲದ, ಯಾರು ಬೇಕಾದರೂ ಹಾಕಿಕೊಳ್ಳಬಹುದಾದ, ಬಿಚ್ಚಿ ನೋಡಿ ರಿಪೇರಿ ಮಾಡಬಹುದಾದ ವ್ಯವಸ್ಥೆ. ಆ ವಾರದ ನಿಗಿನಿಗಿಯಲ್ಲಿ ಘೋಷಿಸಿಯೇ ಬಿಟ್ಟೆ: "ಇಂದಿನಿಂದ ಈ ಲೇಖಕನ ಮೇಜು ಸ್ವತಂತ್ರ ಭೂಮಿ!"

"ರೀ," ಎಂದಳು ಹೆಂಡತಿ, ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ. "ಭೂಮಿ ಸ್ವತಂತ್ರ ಮಾಡ್ಕೊಳ್ಳಿ, ಬೇಡ ಅನ್ನಲ್ಲ. ಭಾನುವಾರದ ಹೊತ್ತಿಗೆ ನನ್ನ ಪ್ರಿಂಟರ್ ನಡೀತಿರ್ಬೇಕು, ಅಷ್ಟೆ."

ಇಲ್ಲಿ ಸ್ವಲ್ಪ ವಿವರಿಸಬೇಕು. ನನ್ನ ಹೆಂಡತಿ ಹೊಲಿಗೆಯವಳು. ಬಟ್ಟೆ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಕೂತು ಊರವರ ಪ್ಯಾಂಟು ಗಿಡ್ಡ ಮಾಡಿ ಮಾಡಿ ಸಾಕಾಗಿ, ಆ ಕೆಲಸ ಬಿಟ್ಟು, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕಟಿಂಗ್ ಕ್ಲಾಸ್ ಶುರು ಮಾಡುವವಳಿದ್ದಳು. ಭಾನುವಾರ ಬೆಳಿಗ್ಗೆ ಮೊದಲ ಪಾಠ, ಮಕ್ಕಳ ಫ್ರಾಕು. ಅದರ ಕುತ್ತಿಗೆ, ತೋಳು, ಬೆನ್ನುಗಳ ಪ್ಯಾಟರ್ನನ್ನು ಅವಳೇ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದಳು. ಹಾಳೆ ಹಾಳೆಯಾಗಿ ಪ್ರಿಂಟ್ ಮಾಡಿ, ಅಂಚಿಗೆ ಅಂಚು ಅಂಟಿಸಿ, ಬಟ್ಟೆಯ ಮೇಲಿಟ್ಟು ಕತ್ತರಿಸಬೇಕು. ಒಂದು ನೂಲಿನಷ್ಟು ಅಳತೆ ತಪ್ಪಿದರೂ ಫ್ರಾಕು ಕೆಟ್ಟಿತು, ಹೊಸ ಟೀಚರ ಹೆಸರೂ ಕೆಟ್ಟಿತು.

"ಬೀದಿ ಕೊನೇಲಿ ಜೆರಾಕ್ಸ್ ಅಂಗಡಿ ಇದ್ಯಲ್ಲ?" ಎಂದೆ.

"ಮರೆತ್ರಾ? ಅವನು ಹಾಳೆಯೊಳಗೆ ಕೂರ್ಲಿ ಅಂತ ಕುಗ್ಗಿಸಿ ಕೊಟ್ಟ. ಆ ಅಳತೆಗೆ ಹೊಲಿದ ಅಂಗಿ ಯಾರು ಹಾಕ್ಕೊಂಡು ನೋಡಿದ್ದು?"

ನಾನೇ. ಕುತ್ತಿಗೆಯಲ್ಲಿ ತಲೆ ಸಿಕ್ಕಿಕೊಂಡು, ಕುರುಡು ಕೋಣದಂತೆ ಮನೆಯಿಡೀ ತಡಕಾಡಿ, ಕೊನೆಗೆ ಕತ್ತರಿಯಿಂದ ಬಿಡುಗಡೆ ಪಡೆದದ್ದು ನೆನಪಾಯಿತು. ಅಂಗಡಿಯ ಮಾತು ಅಲ್ಲಿಗೆ ಬಿಟ್ಟೆ. "ಭಾನುವಾರಕ್ಕೆ ನಿನ್ನ ಪ್ರಿಂಟರ್ ನಡೆಯತ್ತೆ. ಇದು ನಿಗಿನಿಗಿ ಕೊಟ್ಟ ಮಾತು!" ಎಂದು ಶಾಂತವಾಗಿ ಹೇಳಿದೆ (ಎದುರುಮನೆಯ ಕಿಟಕಿ ತೆರೆಯುವಷ್ಟು ಶಾಂತವಾಗಿ).

ನಮ್ಮ ಪತ್ರಿಕೆಯಲ್ಲಿ ಪುಟ ಕಟ್ಟುವವನ ಬಳಿ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಒಂದಿತ್ತು. "ಸಾರ್, ಇದು ತುಂಬಾ ಹಳೇದು. ಹೊಸಾ ಆವೃತ್ತಿ ಇಳಿಸ್ಕೊಂಡು ಹಾಕ್ಕೊಳ್ಳಿ," ಎಂದು ಅವನು ಹೇಳಿದ್ದೇನೋ ನಿಜ. "ಹೊಸದು ಹೊಸದು ಅಂತ ಕುಣಿಸೋದೇ ಇವರ ಹುನ್ನಾರ ಕಣಯ್ಯಾ!" ಎಂದು ಅವನಿಗೂ ಸ್ವಲ್ಪ ಕೆಂಡ ಉಗುಳಿ, ಪೆನ್‌ಡ್ರೈವ್ ಕಸಿದುಕೊಂಡು ಬಂದೆ.

ಹಾಕುವುದೇನೂ ಕಷ್ಟವಾಗಲಿಲ್ಲ. ನಡುವೆ ಅದು ಒಂದು ಪ್ರಶ್ನೆ ಕೇಳಿತು: "ಈ ಕಂಪ್ಯೂಟರ್ ಬಳಸುವವರ ಹೆಸರೇನು?" ನನ್ನ ಹೆಸರು ಹೊಡೆಯಲು ಬೆರಳೆತ್ತಿದೆ, ಮನಸ್ಸಾಕ್ಷಿ ಚುಚ್ಚಿತು. ಮನೆಯ ಬಾಗಿಲ ಫಲಕಗಳ ಮೇಲೆ ಹೆಂಗಸರ ಹೆಸರೇಕಿಲ್ಲ ಎಂದು ಕಳೆದ ತಿಂಗಳಷ್ಟೇ ನಿಗಿನಿಗಿಯಲ್ಲಿ ಬೆಂಕಿ ಕಾರಿದ್ದೆ. ಬರೆದಂತೆ ಬದುಕದವನು ಬರೆಯಲೇಬಾರದು. ಹೆಂಡತಿಯ ಹೆಸರು ಹೊಡೆದೆ. ಅವಳನ್ನು ಕರೆದು ಕುರ್ಚಿ ಬಿಟ್ಟುಕೊಟ್ಟೆ.

"ಪಾಸ್‌ವರ್ಡ್ ಹಾಕು. ಯಾರಿಗೂ ಹೇಳ್ಬೇಡ."

"ನಿಮಗೂನಾ?"

"ನನಗೂ!" ಎಂದೆ, ಎದೆಯುಬ್ಬಿಸಿ.

ಆ ಒಂದು 'ನನಗೂ' ಎಂಬ ಮಾತನ್ನು ಈಗ ಯಾರಾದರೂ ವಾಪಸು ತಂದುಕೊಟ್ಟರೆ ಅವರ ಕಾಲು ಹಿಡಿಯುತ್ತೇನೆ. ಆಮೇಲೆ ನನ್ನ ಹೆಸರಿಗೂ ಒಂದು ಖಾತೆ ಮಾಡಿಕೊಂಡೆ, ಎರಡನೆಯದಾಗಿ, ವಿನಯದಿಂದ.

ಕಂಪ್ಯೂಟರ್ ಎದ್ದು ಓಡತೊಡಗಿತು. ಫ್ಯಾನು ಕೂಡ ಸುಮ್ಮನಾಯಿತು. ಪ್ರಿಂಟರ್ ಮಾತ್ರ ಹಸಿರು ದೀಪ ಉರಿಸಿಕೊಂಡು ಹುತ್ತದಲ್ಲಿ ಕೂತ ಋಷಿಯಂತೆ ಅಲುಗಾಡದೆ ಕೂತಿತು. ಪ್ರಿಂಟ್ ಒತ್ತಿದರೆ "ಸರದಿಯಲ್ಲಿದೆ" ಎನ್ನುತ್ತದೆ ಪರದೆ. ಹಾಳೆ ಮಾತ್ರ ಬರದು.

"ಡ್ರೈವರ್ ಇಲ್ಲ," ಎಂದು ಪತ್ತೆ ಹಚ್ಚಿದೆ. ಯಂತ್ರಕ್ಕೂ ಪ್ರಿಂಟರಿಗೂ ನಡುವೆ ದುಭಾಷಿಯಂತೆ ನಿಲ್ಲುವ ಪುಟ್ಟ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ.

ಒಳಕೋಣೆಯಿಂದ ಅಮ್ಮನ ದನಿ: "ಡ್ರೈವರ್ ಬೇಕೇನೋ? ಪಕ್ಕದ ಮನೆ ವ್ಯಾನ್ ಡ್ರೈವರ್ ಇವತ್ತು ರಜಾ, ಸುಮ್ನೆ ಕೂತಿದಾನೆ. ಕರೀಲಾ?"

"ಅಮ್ಮಾ, ಇದು ಬೇರೆ ಡ್ರೈವರ್!"

"ಯಾವ ಡ್ರೈವರಾದ್ರೇನು, ಹೊಟ್ಟೆಗೆ ಕೊಟ್ರೆ ಬರ್ತಾನೆ."

ಲಿನಕ್ಸ್ ಬಳಸುವವರು ಕಷ್ಟಸುಖ ಹಂಚಿಕೊಳ್ಳುವ ತಾಣವೊಂದು ಇಂಟರ್‌ನೆಟ್ಟಿನಲ್ಲಿದೆ. ಅಲ್ಲಿ 'ಹಿಮಕರಡಿ' ಎಂಬ ಅಡ್ಡಹೆಸರಿನ ಮಹಾನುಭಾವರೊಬ್ಬರು ನನಗೆ ಉತ್ತರ ಕೊಟ್ಟರು. ಕಪ್ಪು ಕಿಟಕಿಯೊಂದನ್ನು ತೆರೆದು ಆಜ್ಞೆಗಳನ್ನು ಟೈಪ್ ಮಾಡಬೇಕಂತೆ. ಯಜಮಾನನ ಅಧಿಕಾರ ಚಲಾಯಿಸಬೇಕಾದಾಗ ಪ್ರತಿ ಆಜ್ಞೆಯ ಮುಂದೂ ಒಂದು ಮಂತ್ರಾಕ್ಷರ ಸೇರಿಸಬೇಕಂತೆ. ಆ ಮಂತ್ರ: ಸುಡೋ.

ನಿಗಿನಿಗಿಯವನಿಗೆ ಇದಕ್ಕಿಂತ ಒಪ್ಪುವ ಮಂತ್ರ ಉಂಟೇ? ಬರೆಯುವುದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಾ ಬರೆಯುವುದು ನನ್ನ ಅಭ್ಯಾಸ. "ಸುಡೋ!" ಎಂದು ಗರ್ಜಿಸುತ್ತಾ ಟೈಪಿಸಿದೆ.

"ಏನು ಸುಡ್ಬೇಕಂತೆ?" ಅಮ್ಮ ಎದ್ದು ಕೂತ ಸದ್ದು.

"ಸುಡೋ... ಪ್ರಿಂಟರ್..."

ಅಮ್ಮ ಬಕೆಟ್ ನೀರು ಹಿಡಿದು ಓಡಿಬಂದಳು. ಹೆಂಡತಿ ಅಡ್ಡ ನಿಂತು ತಡೆಯದಿದ್ದರೆ ಸ್ವತಂತ್ರ ಭೂಮಿ ಅವತ್ತೇ ಮುಳುಗುತ್ತಿತ್ತು.

"ಅತ್ತೆ, ಅದು ಕಂಪ್ಯೂಟರ್ ಭಾಷೆಯಂತೆ," ಎಂದಳು ಹೆಂಡತಿ.

"ಯಾರಿಗೆ ಹೇಳ್ತಿದಾನೆ ಸುಡೋ ಅಂತ? ಇಲ್ಲಿ ಗಂಡಸರು ಯಾರಿದಾರೆ?"

"ಅದೇ ನಾನೂ ನೋಡ್ದೆ. ನನಗೆ ಹೇಳೋದಾಗಿದ್ರೆ ಸುಡೇ ಅನ್ಬೇಕಿತ್ತಲ್ವಾ?"

ಇವರ ವ್ಯಾಕರಣಕ್ಕೆ ಕಿವಿಗೊಡದೆ ನನ್ನ ಪಾಸ್‌ವರ್ಡ್ ಹೊಡೆದೆ. ಕಪ್ಪು ಕಿಟಕಿ ಒಂದು ಕ್ಷಣ ಯೋಚಿಸಿ, ಉತ್ತರ ಬರೆಯಿತು: "ನಿಮಗೆ ಸುಡೋ ಅಧಿಕಾರವಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು."

ವರದಿ! ನನ್ನ ಮೇಲೆ! ಮಂತ್ರಿಗಳ ಮೇಲೆ, ಗುತ್ತಿಗೆದಾರರ ಮೇಲೆ, ಪತ್ರಿಕೆಯ ಸಂಪಾದಕರ ಮೇಲೇ ವರದಿ ಬರೆದವನು ನಾನು. ನನ್ನ ಮನೆಯಲ್ಲಿ, ನನ್ನ ಕುರ್ಚಿಯಲ್ಲಿ ಕೂತಿರುವ ನನ್ನ ಮೇಲೆ ಒಂದು ಡಬ್ಬ ಚಾಡಿ ಹೇಳುವುದೇ? "ಯಾರಿಗೆ? ಯಾರಿಗೆ ವರದಿ ಮಾಡ್ತೀಯೋ?" ಎಂದು ಪರದೆಗೇ ಕೇಳಿದೆ. ಹಿಮಕರಡಿಯವರಿಗೂ ಅದೇ ಪ್ರಶ್ನೆ ಕಳಿಸಿದೆ. ಅವರ ಉತ್ತರ ಚುಟುಕಾಗಿತ್ತು: "ಮೊದಲ ಖಾತೆ ಯಾರದೋ ಅವರಿಗೆ. ಅವರೇ ಯಜಮಾನರು."

ಅದನ್ನು ಹೆಂಡತಿಗೆ ಓದಿ ಹೇಳುವ ದುರ್ಬುದ್ಧಿ ಯಾಕೆ ಬಂತೋ.

"ಅಂದ್ರೆ ಯಜಮಾನ್ರು ಯಾರು?"

"ಮೊದಲನೇ ಖಾತೆಯವರು."

"ಅವರಿಗೊಂದು ಹೆಸರಿರತ್ತಲ್ಲ?"

"...ನೀನು."

ಅವಳು ನಕ್ಕ ರಭಸಕ್ಕೆ ತುಟಿಯಲ್ಲಿದ್ದ ಗುಂಡುಪಿನ್ನುಗಳೆಲ್ಲ ನೆಲಕ್ಕೆ ಚೆಲ್ಲಿದವು. ಅವನ್ನು ಆರಿಸಿಕೊಟ್ಟವನು ನಾನೇ (ಒಂದು ಸಿಗಲಿಲ್ಲ, ಮಾರನೆಯ ದಿನ ಅಂಗಾಲಿಗೆ ಸಿಕ್ಕಿತು).

ಅಂದಿನಿಂದ ನನ್ನ ಬಾಳು ಹೀಗಾಯಿತು: ಹಿಮಕರಡಿ ಒಂದು ಉಪಾಯ ಹೇಳುವುದು, ನಾನು ಟೈಪ್ ಮಾಡಿ "ಒಂದ್ನಿಮಿಷ ಬಾರೇ" ಎಂದು ಕೂಗುವುದು, ಅವಳು ಹೊಲಿಗೆ ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆದು ಬರುವುದು.

"ಆ ಕಡೆ ತಿರುಗಿ. ಪಾಸ್‌ವರ್ಡ್ ನೋಡ್ಬಾರ್ದು, ನೀವೇ ಹೇಳಿದ್ದು."

ತಪ್ಪು ಮಾಡಿದ ಮಗುವಿನಂತೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ಅವಳಿಲ್ಲದಾಗ ಊಹಿಸಿ ನೋಡಿದ್ದೂ ಉಂಟು. ನನ್ನ ಹೆಸರು ಹಾಕಿದೆ, ನಮ್ಮ ಮದುವೆಯ ದಿನ ಹಾಕಿದೆ, 'ನಿಗಿನಿಗಿ' ಎಂದೂ ಹಾಕಿದೆ. ಯಾವುದೂ ಅಲ್ಲ (ಮದುವೆಯ ದಿನವನ್ನು ಸರಿಯಾಗಿ ಹಾಕಿದ್ದರಲ್ಲವೇ?).

ಆದರೂ ನಾನು ಕೈಬಿಡುವ ಪೈಕಿಯವನಲ್ಲ. ವೈರು ಬದಲಿಸಿದೆ. ಪ್ರಿಂಟರನ್ನು ಎಡಗಡೆಯಿಂದ ಬಲಗಡೆಗಿಟ್ಟೆ. ಒಮ್ಮೆ ಮೆಲ್ಲಗೆ ತಟ್ಟಿದೆ (ಮುಚ್ಚಳಕ್ಕೆ ಈಗ ಟೇಪ್ ಅಂಟಿಸಿದೆ). ದಿನಕ್ಕೆ ಹತ್ತಾರು ಸಲ ಪ್ರಿಂಟ್ ಗುಂಡಿ ಒತ್ತಿದೆ. ಒಮ್ಮೆ ಹೇಳಿದರೆ ಕೇಳದವರಿಗೆ ಒತ್ತಿ ಒತ್ತಿ ಹೇಳಬೇಕು, ಚಳವಳಿ ಎಂದರೆ ಅದೇ. ಪರದೆಯದು ಅದೇ ಹಾಡು: "ಸರದಿಯಲ್ಲಿದೆ."

ಹಾಗೆ ಒತ್ತಿದ್ದೆಲ್ಲ ನನ್ನದೇ ಒಂದು ಲೇಖನವನ್ನು ಎಂಬುದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮನೆಯ ವಿಷಯ ನಿಗಿನಿಗಿಯಲ್ಲಿ ಬರಕೂಡದು ಎಂಬುದು ಹೆಂಡತಿ ಹಾಕಿದ ಒಂದೇ ಒಂದು ಕಟ್ಟಳೆ (ಇನ್ನೂ ಇವೆ, ಪಾಲನೆಯಾಗದ್ದರಿಂದ ನೆನಪಿಲ್ಲ). ಆದರೆ ಗೋಡೆಗೆ ಮುಖ ಮಾಡಿ ನಿಂತವನ ತಲೆಯಲ್ಲಿ ಬರುವ ವಿಚಾರಗಳನ್ನು ಯಾವ ಕಟ್ಟಳೆ ತಡೆದೀತು? ಬರೆದೆ. ಚೆನ್ನಾಗಿಯೇ ಬಂತು. 'ನನ್ನ ಹೆಂಡತಿ' ಎಂದಿದ್ದ ಕಡೆ 'ಒಬ್ಬ ಗೃಹಸ್ಥನ ಪತ್ನಿ' ಎಂದು ತಿದ್ದಿದೆ. ಪರದೆಯ ಮೇಲೆ ಓದಿದರೆ ನನಗೆ ತಪ್ಪು ಕಾಣುವುದಿಲ್ಲ, ಕೆಂಪು ಪೆನ್ನು ಹಿಡಿದು ಕಾಗದದ ಮೇಲೇ ಓದಬೇಕು. ಪ್ರಿಂಟ್ ಒತ್ತಿದೆ. ಬರಲಿಲ್ಲ. ಸಿಟ್ಟಿನಿಂದ ಮತ್ತೆ ಒತ್ತಿದೆ. ಮತ್ತೆ. ಮತ್ತೆ. ಕೊನೆಗೆ ಪರದೆಯ ಮೇಲಿದ್ದುದನ್ನು ಅಳಿಸಿಹಾಕಿ ಮರೆತುಬಿಟ್ಟೆ.

ಶನಿವಾರ ಸಂಜೆ ಹಿಮಕರಡಿಯವರಿಗೆ ಒಂದು ಪ್ರಶ್ನೆ ಹೊಳೆಯಿತು. ಮೊದಲೇ ಹೊಳೆದಿದ್ದರೆ ಏನಾಗುತ್ತಿತ್ತೋ. "ಅಂದಹಾಗೆ, ನೀವು ಹಾಕಿಕೊಂಡಿರುವುದು ಯಾವ ಆವೃತ್ತಿ?" ಹೇಳಿದೆ. ಉತ್ತರ ಬಂತು: "ಅದು ಹಳೆಯದಾಗಿದೆ. ಅದಕ್ಕೆ ಈಗ ಬೆಂಬಲ ಇಲ್ಲ. ಹೊಸದಕ್ಕೆ ಅಪ್‌ಗ್ರೇಡ್ ಮಾಡಿ, ನಿಮ್ಮ ಪ್ರಿಂಟರಿನ ಡ್ರೈವರ್ ಅದರಲ್ಲೇ ಇದೆ."

ಹಳೆಯದು. ಬೆಂಬಲ ಇಲ್ಲ. ಅವೇ ಪದಗಳು! ಕುರ್ಚಿಯಲ್ಲಿ ಕುಸಿದೆ. ಹಿಂದೆ ನಿಂತಿದ್ದ ಹೆಂಡತಿ ಓದಿಕೊಂಡಳು. "ಹೊಸದು ಅಂದ್ರೆ ಹುನ್ನಾರ ಅಲ್ವಾ?"

"ಇವರು ದುಡ್ಡು ಕೇಳ್ತಿಲ್ಲ ಕಣೇ. ಹುನ್ನಾರಕ್ಕೂ ಹಿತವಚನಕ್ಕೂ ವ್ಯತ್ಯಾಸ ಇದೆ."

"ನಾಳೆ ಬೆಳಿಗ್ಗೆ ಅವರೆಲ್ಲ ಬರ್ತಾರೆ ರೀ." ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಅಂಗಡಿ ಕೆಲಸ ಬಿಟ್ಟು ಬಂದಿದೀನಿ. ಮೊದಲನೇ ಪಾಠಕ್ಕೇ ಕೈಯಲ್ಲಿ ಪ್ಯಾಟರ್ನ್ ಇಲ್ಲ ಅಂದ್ರೆ ಎರಡನೇ ಪಾಠಕ್ಕೆ ಯಾರು ಬರ್ತಾರೆ?"

ಆ ಮಾತು ನಾಟಿತು. "ಬೆಳಿಗ್ಗೆಯೇ ಮಾಡಿ ಮುಗಿಸ್ತೀನಿ. ನೀನು ಸುಡೋ ಕೊಡು, ಸಾಕು."

"ಕೊಡ್ತೀನಿ. ಒಂದು ಮಾತು. ಈ ಗಲಾಟೆ ಬಗ್ಗೆ ಏನಾದ್ರೂ ಬರೆದಿದೀರಾ?"

"ಛೆ, ಛೆ! ಇದ್ದರೆ ತೋರಿಸು!" ಎಂದೆ. ಅಳಿಸಿಹಾಕಿದ್ದು ಬರೆದಂತಲ್ಲ, ಮನಸ್ಸಾಕ್ಷಿ ನಿರಾಳವಾಗಿತ್ತು.

ಭಾನುವಾರ ಬೆಳಿಗ್ಗೆ ನಾನು ಗೋಡೆ ನೋಡಿದೆ, ಅವಳು ಪಾಸ್‌ವರ್ಡ್ ಹಾಕಿದಳು, ಅಪ್‌ಗ್ರೇಡ್ ಶುರುವಾಯಿತು. ಕಪ್ಪು ಕಿಟಕಿಯಲ್ಲಿ ಸಾಲು ಸಾಲು ಅಕ್ಷರಗಳು ಇರುವೆಯಂತೆ ಹರಿದವು. ಹರಿದವು, ಹರಿದವು, ಹರಿಯುತ್ತಲೇ ಇದ್ದವು. ಕ್ಲಾಸಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಚಾಪೆಯ ಮೇಲೆ ಕೂತರು. ಅವರಲ್ಲೇ ಹಿರಿಯರು ಒಬ್ಬ ನಿವೃತ್ತ ಭಾಷಾ ಟೀಚರು. ಮೊಮ್ಮಗಳ ಫ್ರಾಕಿಗಾಗಿ ಕಲಿಯಲು ಬಂದವರು. ಹೆಂಡತಿ ಸೂಜಿ, ದಾರ, ಸೀಮೆಸುಣ್ಣದ ವಿವರಣೆಯಲ್ಲೇ ಕಾಲ ತಳ್ಳುತ್ತಿದ್ದಳು. ಕತ್ತರಿ ಹಿಡಿಯುವ ಬಗೆಯನ್ನು ಎರಡು ಸಲ ಹೇಳಿದಳು. ಮಾತು ಮುಗಿಯುತ್ತಾ ಬಂದಂತೆ ಕಣ್ಣು ನನ್ನ ಕಡೆ ಬರುತ್ತಿತ್ತು.

ಆಗಲೇ ಅಪ್‌ಗ್ರೇಡ್ ತಟಕ್ಕನೆ ನಿಂತು ಒಂದು ಪ್ರಶ್ನೆ ಕೇಳಿತು. ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿಬಿಟ್ಟೆ: "ಈಗಿರುವ ಹಳೆಯದನ್ನೇ ಉಳಿಸಿಕೊಳ್ಳುವಿರಾ, ಅಥವಾ ಹೊಸದನ್ನು ತಂದುಕೊಳ್ಳುವಿರಾ?"

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಹೆಂಡತಿಯ ಕೈಯಲ್ಲಿ ಕತ್ತರಿ ಬಾಯಿ ತೆರೆದು ನಿಂತಿತ್ತು.

"ಈ ವಯಸ್ಸಲ್ಲಿ ಹೊಸದೇನೋ ನಿನಗೆ?" ಎಂದಳು ಅಮ್ಮ ಒಳಗಿನಿಂದ. "ಇರೋಳನ್ನ ಚೆನ್ನಾಗಿ ನೋಡ್ಕೋ."

"ಅಮ್ಮಾ, ಇದು ಕಡತದ ವಿಷಯ!" ಎಂದು 'ಹಳೆಯದು' ಎಂಬುದನ್ನೇ ಒತ್ತಿದೆ. ಜೀವ ಉಳಿಯಿತು. ಯಂತ್ರ ಒಮ್ಮೆ ಆರಿ, ಮತ್ತೆ ಹೊತ್ತಿಕೊಂಡಿತು. ಹೆಂಡತಿ ಬಂದು ತನ್ನ ಖಾತೆ ತೆರೆದು, ಫ್ರಾಕಿನ ಪ್ಯಾಟರ್ನ್ ಹಾಕಿ ಪ್ರಿಂಟ್ ಒತ್ತಿದಳು.

ಪ್ರಿಂಟರ್ ಕೆಮ್ಮಿತು. ಗಂಟಲು ಸರಿಮಾಡಿಕೊಂಡಿತು. ಹಾಳೆಯನ್ನು ಒಳಗೆಳೆದುಕೊಂಡಿತು!

"ಗೆದ್ದೆ!" ಎಂದು ಕುಣಿದೆ. ಹೆಂಗಸರು ಚಪ್ಪಾಳೆ ತಟ್ಟಿದರು. ಮೊದಲ ಹಾಳೆ ಹೊರಬಂದು ಜಾರಿ ನಿವೃತ್ತ ಟೀಚರ ಕಾಲಬುಡಕ್ಕೇ ಹೋಗಿ ಬಿತ್ತು. ಅವರು ಕನ್ನಡಕ ಏರಿಸಿ, ತರಗತಿಯ ದನಿಯಲ್ಲಿ ಓದತೊಡಗಿದರು:

"ಒಬ್ಬ ಗೃಹಸ್ಥನ ಪತ್ನಿ ಎಂದರೆ ಬೀಗ ಹಾಕಿದ ತಂತ್ರಾಂಶ. ಒಳಗೇನು ನಡೆಯುತ್ತಿದೆ ಎಂದು ಹೊರಗಿನವರಿಗೆ ತಿಳಿಯದು. ಸಿಟ್ಟೇಕೆ ಎಂದು ಕೇಳಿದರೆ 'ಏನಿಲ್ಲ' ಎಂಬ ಒಂದೇ ದೋಷಸಂದೇಶ ಬರುತ್ತದೆ..." ಇಲ್ಲಿ ನಿಲ್ಲಿಸಿ, "ಇದು ಫ್ರಾಕಿನ ಯಾವ ಭಾಗ?" ಎಂದು ಕೇಳಿದರು.

ಸರದಿ! ವಾರವಿಡೀ ಸರದಿಯಲ್ಲಿ ನಿಂತಿದ್ದ ನನ್ನ ಲೇಖನದ ಪ್ರತಿಗಳು, ಒತ್ತಿದ್ದಷ್ಟೂ, ಬಾಗಿಲು ತೆರೆದೊಡನೆ ನುಗ್ಗಿ ಬರುತ್ತಿದ್ದವು. ಒಂದು, ಇನ್ನೊಂದು, ಮತ್ತೊಂದು. ಪ್ಲಗ್ ಕಿತ್ತೆ. ಪ್ಯಾಟರ್ನ್ ಬರಬೇಕಲ್ಲ ಎಂದು ಮತ್ತೆ ಹಾಕಿದೆ. ಅದು ನಿಂತಲ್ಲಿಂದಲೇ ಶ್ರದ್ಧೆಯಿಂದ ಮುಂದುವರಿಸಿತು. ಸರದಿ ಅಳಿಸೋಣವೆಂದರೆ ತೆರೆದಿರುವುದು ಅವಳ ಖಾತೆ, ಬೇಕಿರುವುದು ಅವಳ ಅಧಿಕಾರ.

"ಸುಡೋ!" ಎಂದು ಚೀರಿದೆ. "ಬೇಗ ಪಾಸ್‌ವರ್ಡ್ ಹಾಕೇ! ಸುಡೋ! ಸುಡೋ!"

ಅಮ್ಮ ಬಂದಳು. ಈ ಸಲ ಕೈಯಲ್ಲಿ ನೀರಿರಲಿಲ್ಲ. "ವಾರದಿಂದ ಸುಡೋ ಸುಡೋ ಅಂತ ಬಡ್ಕೋತಿದಾನೆ, ಪಾಪ. ತಗೊಳಮ್ಮ, ಬೆಂಕಿಪೊಟ್ಟಣ."

ಹೆಂಡತಿ ಬೆಂಕಿಪೊಟ್ಟಣ ಇಸಿದುಕೊಂಡು ಪಕ್ಕಕ್ಕಿಟ್ಟಳು. ಇನ್ನೊಂದು ಪ್ರತಿ ಕೈಗೆತ್ತಿಕೊಂಡಳು.

"ಅವಸರ ಇಲ್ಲ ಅತ್ತೆ. ಮೊದ್ಲು ಓದೋಣ. ಆಮೇಲೆ ಸುಡೋಣ."

ಓದಿದರು. ಎಲ್ಲರಿಗೂ ಒಂದೊಂದು ಪ್ರತಿ ಸಿಕ್ಕಿತು, ಅಷ್ಟಿದ್ದವು. ನಿವೃತ್ತ ಟೀಚರು ನನ್ನದೇ ಕೆಂಪು ಪೆನ್ನು ಕೇಳಿ ಪಡೆದು ಕಾಗುಣಿತ ತಿದ್ದಿದರು. ನಾನು ಯಾರೂ ಹೇಳದೆಯೇ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಕೊನೆಗೆ ಸರದಿ ಮುಗಿದು ಫ್ರಾಕಿನ ಸರದಿ ಬಂತು, ಪ್ರಿಂಟರ್ ಪೀ ಎಂದಿತು. ಹಾಳೆ ಖಾಲಿ!

ಭಾನುವಾರ, ಅಂಗಡಿ ಬಾಗಿಲು ಹಾಕಿದೆ. ಕೊಟ್ಟ ಮಾತು ಕೊನೆಯ ಗಳಿಗೆಯಲ್ಲಿ ನನ್ನ ಲೇಖನದಿಂದಲೇ ಮುರಿಯಿತು. ತಿರುಗಿ ನೋಡಿದೆ. ಹೆಂಡತಿ ಪ್ರತಿಗಳನ್ನೆಲ್ಲ ವಾಪಸು ಪಡೆದು, ಅಂಚು ತಟ್ಟಿ ಸರಿಮಾಡಿ, ಮಗುಚಿ ಪ್ರಿಂಟರಿಗೆ ತುಂಬುತ್ತಿದ್ದಳು.

"ಹಿಂದಿನ ಮಗ್ಗುಲು ಖಾಲಿ ಇದ್ಯಲ್ಲ," ಎಂದಳು.

ಪ್ಯಾಟರ್ನ್ ಬಂತು. ಅಳತೆ ಪರೀಕ್ಷಿಸಲೆಂದೇ ಮೂಲೆಯಲ್ಲಿ ಬರೆದಿದ್ದ ಚೌಕದ ಮೇಲೆ ಅಳತೆ ಟೇಪ್ ಇಟ್ಟು ನೋಡಿದಳು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ, ನನ್ನ ಕಡೆ ತಿರುಗುವುದರೊಳಗೆ ಮುದುಡಿಸಿಕೊಂಡಳು (ಇದೊಂದು ನಿಜ). ಕ್ಲಾಸು ಜೋರಾಗಿ ನಡೆಯಿತು. ಎಲ್ಲರೂ ನನ್ನ ಲೇಖನವನ್ನು ಕುತ್ತಿಗೆ, ತೋಳು, ಬೆನ್ನು ಎಂದು ಕತ್ತರಿಸಿ, ಸುತ್ತಿಕೊಂಡು ಮನೆಗೊಯ್ದರು. ಎರಡನೆಯ ಪಾಠಕ್ಕೆ ತಂಗಿ, ನಾದಿನಿ, ಗೆಳತಿಯರನ್ನೂ ಕರೆತಂದರು. ಹೊಲಿಗೆ ಕಲಿಯಲೋ, ಲೇಖನದ ಉಳಿದ ಭಾಗ ಓದಲೋ ಗೊತ್ತಿಲ್ಲ.

ಸಂಧಾನವೂ ನಡೆಯಿತು. "ಬರೀರಿ," ಎಂದಳು. "ಮನೆ ವಿಷಯಾನೇ ಬರೀರಿ. ಆದ್ರೆ ಪತ್ರಿಕೆಗೆ ಹೋಗೋಕ್ಮುಂಚೆ ನನ್ನ ಕೈಗೆ ಬರ್ಬೇಕು. ಎಲ್ಲೆಲ್ಲಿ ನೀವು ನಿಜ ಬಿಟ್ಟಿದೀರೋ ಅಲ್ಲೆಲ್ಲ ಕಂಸ ಹಾಕಿ ನಾನು ತುಂಬ್ತೀನಿ. ಅದನ್ನ ತೆಗೆಯೋ ಅಧಿಕಾರ ನಿಮಗಿಲ್ಲ."

ಹಾಗಾಗಿ ಓದುಗರೇ, ಇಲ್ಲಿಯವರೆಗೆ ಕಂಸದೊಳಗೆ ನೀವು ಓದಿದ್ದೆಲ್ಲ ನನ್ನ ವಿನಯವೆಂದು ತಿಳಿದಿದ್ದರೆ ಕ್ಷಮಿಸಿ, ಅವು ಯಜಮಾನರವು. ಕೃಷ್ಣನಿಗೆ ಇದ್ದದ್ದು ಒಬ್ಬನೇ ಕಂಸ, ನನಗೆ ಪುಟಪುಟಕ್ಕೂ. ಇರಲಿ. ನಿಗಿನಿಗಿ ಆರಿಲ್ಲ. ಈ ಕೊನೆಯ ವಾಕ್ಯವಾದರೂ ಸಂಪೂರ್ಣವಾಗಿ ನನ್ನದು, ಇದಕ್ಕೆ ಯಾರ ಪಾಸ್‌ವರ್ಡೂ ಬೇಕಿಲ್ಲ, ಇದರಲ್ಲಿ ಯಾರೂ ಕೈಯಾಡಿಸಿಲ್ಲ (ಎರಡು ಕಾಗುಣಿತ ತಿದ್ದಿದ್ದೇನೆ).